ಸಾಂತಪ್ಪನ ಗಂಜಿ ಪ್ರೋಗ್ರಾಂ

ಎಲ್ಲದಕ್ಕೂ ಕಾರಣ ಒಂದು ಖಾಲಿ ಪೇಂಟ್ ಡಬ್ಬ. ಸೌದಿಯ ರಾಸ್ ಅಲ್ ಖೈರ್‌ನಲ್ಲಿ ಕಂಪನಿಯ ಬಯಲು ಸ್ಟೋರು ನೋಡಿಕೊಳ್ಳುವ ಸಾಂತಪ್ಪ ಒಂಬತ್ತು ವರ್ಷದಿಂದ ಕುಳಿತದ್ದು ಅದರ ಮೇಲೆಯೇ. ಅಲ್ಲಿನ ಬಿಸಿಲಿಗೆ ಮೊಟ್ಟೆ ಬೇಯುವುದಿರಲಿ, ಒಳಗಿನ ಮರಿ ಹುಟ್ಟುವ ಮೊದಲೇ ತಂದೂರಿಯಾಗುತ್ತಿತ್ತು. ಮ್ಯಾನೇಜರ್ ಫಹದ್, "ಮುಂದಿನ ತಿಂಗಳ ಮೊದಲ ಗುರುವಾರ ಮಧ್ಯಾಹ್ನದೊಳಗೆ ಒಂದು ಪ್ರೋಗ್ರಾಂ ಬರೆದು ತೋರಿಸು, ಏಸಿ ಆಫೀಸಿನ ಹುದ್ದೆ ನಿನ್ನದು" ಎಂದದ್ದೇ ತಡ, ಸಾಂತಪ್ಪ ಮೂರು ವಾರ ಗೊರಕೆಯಲ್ಲೂ ಕೋಡ್ ಬರೆದ.

ಕೋಡ್ ಕಲಿಸಿದ ಗುರು, ಕ್ಯಾಂಪಿನಲ್ಲಿ ಪಕ್ಕದ ಮಂಚದ ಹಿತೇಶ್. "ಇಲ್ಲಿ ಇರಲಿಕ್ಕೆ ಸರ್ಕಾರ ಕೊಡುವ ಇಕಾಮಾ ಕಾರ್ಡಿನಲ್ಲಿ ಹೆಸರೆಲ್ಲಿ, ಫೋಟೋ ಎಲ್ಲಿ ಅಂತ ಒಂದು ನಮೂನೆ ಉಂಟಲ್ಲ, ಅದು ಕ್ಲಾಸ್. ನಿಮ್ಮ ಕಿಸೆಯಲ್ಲಿರುವ ಕಾರ್ಡು ಇನ್‌ಸ್ಟೆನ್ಸ್. ಗೊತ್ತಾಯ್ತಾ ಸಾಂತಪ್ಪಣ್ಣ?"

"ಗೊತ್ತಾಗುವುದೆಂತ, ಇನ್ನು ನಾನೇ ನಿನಗೆ ಕಲಿಸ್ತೇನೆ."

ಯಾರ ತಟ್ಟೆಗೆ ಏನು ಬಡಿಸಬೇಕು ಎಂದು ಹೇಳುವ ಪ್ರೋಗ್ರಾಂ ಅದು. ಗುರುವಾರ ಬೆಳಿಗ್ಗೆ ಮೆಸ್ಸಿನ ಹನ್ನೆರಡು ಮಂದಿ ಸದಸ್ಯರೂ ಲ್ಯಾಪ್‌ಟಾಪಿಗೆ ನೊಣದಂತೆ ಮುತ್ತಿದರು. "ನನಗೆ ಮೀನು ಬೇಡ ಅಂತ ಹಾಕಿ." "ನನಗೆ ಕೋಳಿ ಬೇಡ." "ಡಾಕ್ಟರು ಉಪ್ಪು ಬಿಡಲಿಕ್ಕೆ ಹೇಳಿದ್ದಾರೆ." ಎಲ್ಲವನ್ನೂ ಹಾಕಿ, ಪ್ರೋಗ್ರಾಂ ಕೊಟ್ಟ ಪಟ್ಟಿಯ ಕಾಗದವನ್ನು ಅಡುಗೆಯ ಹಸನಬ್ಬನ ಕೈಗಿಟ್ಟು ಸಾಂತಪ್ಪ ತಾಕೀತು ಮಾಡಿದ: "ಹಸನಬ್ಬಾಕಾ, ಇದರಲ್ಲಿ ಇದ್ದ ಹಾಗೇ ಮಾಡಿ. ನಿಮ್ಮ ತಲೆ ಓಡಿಸ್ಬೇಡಿ."

ಮಧ್ಯಾಹ್ನ ಅತಿಥಿಯಾಗಿ ಫಹದ್ ಬಂದು ಕುಳಿತರು. ಮುಚ್ಚಳ ತೆಗೆದರೆ ಹದಿಮೂರು ತಟ್ಟೆಗಳಲ್ಲೂ ಗಂಜಿ. ಉಪ್ಪಿಲ್ಲ, ಉಪ್ಪಿನಕಾಯಿಯಿಲ್ಲ.

"ನನ್ನನ್ನು ನೋಡ್ಬೇಡಿ!" ಹಸನಬ್ಬ ಕಾಗದ ಎತ್ತಿ ಹಿಡಿದ. "ಎಲ್ಲರ ಹೆಸರಿನ ಎದುರೂ ಮೀನು ಬೇಡ, ಕೋಳಿ ಬೇಡ, ತೆಂಗಿನಕಾಯಿ ಬೇಡ, ಖಾರ ಬೇಡ, ಎಣ್ಣೆ ಬೇಡ, ಉಪ್ಪು ಬೇಡ. ನೀರು ಬೇಡ ಅಂತ ಯಾರೂ ಹೇಳ್ಲಿಲ್ಲ, ಪುಣ್ಯ ಮಾರಾಯ!"

ಹಿತೇಶ್ ಕೋಡ್ ಇಣುಕಿ ಹಣೆ ಚಚ್ಚಿಕೊಂಡ. "ಸಾಂತಪ್ಪಣ್ಣಾ, ಬೇಡದ್ದರ ಪಟ್ಟಿಯನ್ನು ಅವರವರ ಕಾರ್ಡಿನಲ್ಲಿ ಬರೆಯುವ ಬದಲು ನಮೂನೆಯಲ್ಲೇ ಬರೆದಿದ್ದೀರಿ. ಒಬ್ಬನ ಪಥ್ಯ ಎಲ್ಲರಿಗೂ ಬಂತು!"

"ನಾನು ನಿಮ್ಮ ಮೆಸ್ಸಿನವನೇ ಅಲ್ಲವಲ್ಲ," ಫಹದ್ ತಮ್ಮ ಹರುಕು ಹಿಂದಿಯಲ್ಲಿ ಕೇಳಿದರು, "ನನಗೇಕೆ ಗಂಜಿ?"

ಸಾಂತಪ್ಪನ ಕಣ್ಣೆದುರೇ ಏಸಿಯ ತಂಪು ಒಂಟೆಯೇರಿ ಓಡತೊಡಗಿತು. ಅವನು ಪಟ್ಟು ಬಿಡಲಿಲ್ಲ. "ಸಾರ್, ಅದೇ ಇದರ ವಿಶೇಷ! ಇನ್‌ಹೆರಿಟೆನ್ಸ್! 'ಅತಿಥಿ' ಕ್ಲಾಸನ್ನು 'ಸದಸ್ಯ' ಕ್ಲಾಸಿನಿಂದ ಹುಟ್ಟಿಸಿದ್ದೇನೆ. ಹಳೆಯದರಲ್ಲಿ ಇದ್ದದ್ದೆಲ್ಲ ಹೊಸದಕ್ಕೆ ತಾನಾಗಿ ಬರ್ತದೆ. ನಾವು ಹೊಸತಾಗಿ ಏನೂ ಕೊಡಬೇಕಾಗಿಲ್ಲ!"

ಫಹದ್ ಚಮಚ ಕೆಳಗಿಟ್ಟರು. "ಏನೂ ಕೊಡಬೇಕಾಗಿಲ್ಲ?"

"ಹೆಸರೊಂದು ಬಿಟ್ಟು ಏನೂ ಬೇಡ ಸಾರ್!"

ಫಹದರ ಮುಖ ಈದ್ ರಾತ್ರಿಯ ಅಂಗಡಿಬೀದಿಯಂತೆ ಬೆಳಗಿತು. ಕೈ ಕುಲುಕಿ, ಗಂಜಿಯನ್ನು ಮುಟ್ಟದೆ ಹೋದರು. ಸಾಂತಪ್ಪ ಆ ಗಂಜಿಯನ್ನೂ ಪಾಯಸದಂತೆ ಸುರಿದುಕೊಂಡ.

ಮೂರು ಗಂಟೆಗೆ ಫಹದರ ಆದೇಶ ಬಂತು. ಹಿತೇಶ್ ಗಟ್ಟಿಯಾಗಿ ಓದಿದ: "ಸಾಂತಪ್ಪ ಇಂದಿನಿಂದ 'ಪ್ರೋಗ್ರಾಮರ್'. ಈ ಹುದ್ದೆ 'ಸ್ಟೋರ್ ಕೀಪರ್' ಹುದ್ದೆಯಿಂದ ಹುಟ್ಟಿದ್ದು. ಹಳೆಯ ಕೆಲಸ, ಹಳೆಯ ಸಂಬಳ, ಹಳೆಯ ಜಾಗ ಎಲ್ಲವೂ ತಾನಾಗಿ ಬರತಕ್ಕದ್ದು."

"ಕುರ್ಚಿ?" ಸಾಂತಪ್ಪ ಆದೇಶವನ್ನು ಕಸಿದು ಹಿಂದೆ ಮುಂದೆ ತಿರುಗಿಸಿದ.

ಹಸನಬ್ಬ ಪೇಂಟ್ ಡಬ್ಬವನ್ನು ಲುಂಗಿಯಂಚಿನಿಂದ ಒರೆಸಿ ಮುಂದಿಟ್ಟ. "ಕೂತ್ಕೊಳ್ಳಿ ಪ್ರೋಗ್ರಾಮರ್ ಸಾಹೇಬ್ರೇ. ಯಲ್ಲಾ, ಶುರು ಮಾಡಿ!"