ಅಂಚೆ ಗುಮಾಸ್ತರು ಅರಮನೆ ತೋರಿಸಿದ್ದು

"ಗೈಡ್ ಯಾಕೆ ಮಾವ? ಈ ರಾಜಧಾನಿ ಇತಿಹಾಸ ಪೂರ್ತಿ ನನ್ನ ನಾಲಿಗೆ ತುದೀಲಿದೆ!" ಎಂದು ಅಂಚೆ ಗುಮಾಸ್ತರು ಎದೆ ತಟ್ಟಿಕೊಂಡರು. ಇಪ್ಪತ್ತು ವರ್ಷದಿಂದ ಇದೇ ಊರಲ್ಲಿದ್ದರೂ ಅರಮನೆಯೊಳಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಆದರೆ 'ಅಳಿಯನಿಗೆ ಅಂಚೆಚೀಟಿ ಬಿಟ್ಟರೆ ಬೇರೇನೂ ಗೊತ್ತಿಲ್ಲ' ಎನ್ನುತ್ತಲೇ ಬಂದಿದ್ದ ಮಾವನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ!

ಹದಿನೈದು ದಿನ ಪುಸ್ತಕ ಉರುಹೊಡೆದರು. ಕಾಗದಗಳನ್ನು ಬೀದಿವಾರು ಜೋಡಿಸಿ ಪಳಗಿದ ಕೈ. ಅರಮನೆಯನ್ನೂ ಹಾಗೇ ಕೋಣೆವಾರು ಜೋಡಿಸಿಟ್ಟುಕೊಂಡರು. ಮುಂಬಾಗಿಲಿನಿಂದ ಮೊದಲು ಸಿಂಹಾಸನ, ಎರಡನೆಯದು ಆಯುಧಶಾಲೆ, ಮೂರನೆಯದು ರಾಣಿಯ ಶಯನಗೃಹ...

"ರೀ, ಯಾವುದಕ್ಕೂ ಒಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ," ಎಂದಳು ಹೆಂಡತಿ.

"ನಿಮ್ಮಪ್ಪ ಏನು ಪರೀಕ್ಷೆ ತಗೋತಾರಾ?"

ಮಾವನನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋದ ದಿನ ನೋಡಿದರೆ ಅರಮನೆಯ ಮುಂಬಾಗಿಲಿಗೆ ಬೀಗ! 'ದುರಸ್ತಿ ನಡೆದಿದೆ, ಹಿಂಬಾಗಿಲಿನಿಂದ ಬನ್ನಿ' ಎಂಬ ಫಲಕ ಬೇರೆ. ಗುಮಾಸ್ತರು ಉರುಹೊಡೆದದ್ದನ್ನು ಹಿಂದಿನಿಂದ ಮುಂದಕ್ಕೆ ನೆನೆಸಿಕೊಳ್ಳಲು ನೋಡಿದರು, ಒಂದೂ ಬರಲೊಲ್ಲದು. ಮಾವ ಆಗಲೇ ಕನ್ನಡಕ ಒರೆಸಿಕೊಂಡು ನಿಂತಿದ್ದರು. ಆದದ್ದಾಗಲಿ ಎಂದು ಗುಮಾಸ್ತರು ಉರುಹೊಡೆದ ಪಟ್ಟಿಯನ್ನು ಮೊದಲಿನಿಂದಲೇ ಶುರು ಹಚ್ಚಿದರು.

"ಇದೇ ಮಾವ ಸಿಂಹಾಸನದ ಕೋಣೆ! ಅಷ್ಟೂ ರಾಜರು ಪಟ್ಟಕ್ಕೇರಿದ್ದು ಇಲ್ಲೇ!"

"ಹೌದಾ? ಗೋಡೆ ಉದ್ದಕ್ಕೂ ಹುಲ್ಲು ಹಾಕೋ ಗೋದಲಿ ಯಾಕಿದೆ ಅಳಿಯಂದ್ರೆ?"

ಗುಮಾಸ್ತರು ಬೆವರೊರೆಸಿಕೊಂಡರು. "ಅದು... ಇಲ್ಲಿ ಕುದುರೆಗೂ ಪಟ್ಟ ಕಟ್ತಿದ್ರು!"

"ಆಹಾ!" ಎಂದು ಹಿಂದಿನಿಂದ ಯಾರೋ ಉದ್ಗರಿಸಿದರು. ತಿರುಗಿ ನೋಡಿದರೆ ಹತ್ತು ಮಂದಿ ಅಪರಿಚಿತರು! ಬಿಟ್ಟಿ ಗೈಡ್ ಸಿಕ್ಕರೆ ಯಾರು ಬಿಡುತ್ತಾರೆ? ಮುಂದಿನ ಕೋಣೆಗೆ ಬರುವಷ್ಟರಲ್ಲಿ ಮೂವತ್ತಾದರು. ಅಲ್ಲಿ ಆಳೆತ್ತರದ ಹಂಡೆಗಳು, ಸೌಟುಗಳು. 'ಆಯುಧಶಾಲೆ' ಎಂದು ಗುಮಾಸ್ತರು ಬಾಗಿಲಲ್ಲೇ ಘೋಷಿಸಿಬಿಟ್ಟಿದ್ದರು.

"ಈ ಸೌಟಿಂದ್ಲೇ ಶತ್ರುಗಳ ಮೇಲೆ ಕಾದ ಎಣ್ಣೆ ಎರಚ್ತಿದ್ರು!"

ಒಬ್ಬಾಕೆ ಇದನ್ನು ಬರೆದುಕೊಂಡಳು. ಹೆಂಡತಿ ಗಂಡನ ತೋಳು ಚಿವುಟಿದಳು. "ಸಾಕು ಮಾಡ್ರೀ, ಮರ್ಯಾದೆ ಹೋಗತ್ತೆ!"

"ಈಗ ನಿಲ್ಲಿಸಿದ್ರೇನೇ ಹೋಗೋದು ಕಣೇ!"

ಅಷ್ಟರಲ್ಲಿ ಅರಮನೆಯ ಕಾವಲುಗಾರ ಗುಂಪಿನೊಳಗೆ ನುಗ್ಗಿ ಬಂದ. "ಗೈಡ್ ಲೈಸೆನ್ಸ್ ತೋರ್ಸಿ. ಇಲ್ಲಾಂದ್ರೆ ನಡೀರಿ ಪೊಲೀಸ್ ಸ್ಟೇಷನ್ನಿಗೆ!"

ಗುಮಾಸ್ತರು ಸರ್ಕಾರಿ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡು ದೀನರಾಗಿ ಮಾವನ ಮುಖ ನೋಡಿದರು. ಮಾವ ಮುಂದೆ ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಬಿಡಪ್ಪಾ, ಇವರು ಗೈಡೂ ಅಲ್ಲ ಏನೂ ಅಲ್ಲ. ಅನುಮಾನ ಇದ್ರೆ ಇನ್ನೊಂದು ಕೋಣೆ ತೋರಿಸ್ತಾರೆ, ನಿಂತು ಕೇಳು. ನೀನೇ ಕೈಮುಗಿದು ಕಳಿಸ್ತೀಯ!"