ಹಳ್ಳದ ಚಿತ್ರಕ್ಕೆ ಬೇಕಾದ ಕೌದಿಗಳು

ಕ್ಯಾಮೆರಾ ಕೊಂಡ ಮನುಷ್ಯನಿಗೆ ಮೊದಲು ಕೆಡುವುದು ಕಣ್ಣು ಎಂಬುದು ನನ್ನ ಅನುಭವ. ಎದುರಿಗಿರುವುದು ಅವನಿಗೆ ಕಾಣುವುದಿಲ್ಲ. ಎಲ್ಲೋ ಕ್ಯಾಲೆಂಡರಿನಲ್ಲಿ ನೋಡಿದ್ದೇ ಕಾಣುತ್ತಿರುತ್ತದೆ. ಹುಮನಾಬಾದಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ನನ್ನ ತಲೆಯಲ್ಲೂ ಹೀಗೆಯೇ ಕೆಂಪು-ಹಳದಿ ಎಲೆಗಳ ಕಾಡು, ನಡುವೆ ಹರಿಯುವ ಬೆಟ್ಟದ ತೊರೆ ಬಂದು ಕೂತಿತ್ತು. ಬಸವಕಲ್ಯಾಣದಲ್ಲಿ ದಸರೆಗೆ ನಡೆಯುವ ಛಾಯಾಚಿತ್ರ ಪ್ರದರ್ಶನಕ್ಕೆ ಮೂರು ವರ್ಷ ಚಿತ್ರ ಕಳಿಸಿ, ಮೂರೂ ವರ್ಷ ವಾಪಸು ಪಡೆದವನು ನಾನು. ಈ ಸಲ ನನ್ನ ‘ಶರತ್ಕಾಲದ ತೊರೆ’ ಅಲ್ಲಿಯ ಗೋಡೆ ಏರಿಯೇ ಏರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಸಾರಿಬಿಟ್ಟಿದ್ದೆ. ಏರದಿದ್ದರೆ ಮುಖ ತೋರಿಸುವಂತಿರಲಿಲ್ಲ.

ನಮ್ಮ ಕಡೆ ನವರಾತ್ರಿಯ ಘಟ ಕೂರುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳ ಕಂಡು ಬರಬೇಕು. ಹೆಂಡತಿ ಮಹಾದೇವಿ ಮೂರು ದಿನದಿಂದ, “ಕೌದಿ ಹಳ್ಳಕ್ಕ ಒಯ್ಯೂಣ ನಡೀರಿ, ಹಿಂಡಾಕ ಇಬ್ಬರು ಬೇಕು” ಎನ್ನುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಎಮ್ಮೆಯ ಭಾರ. ನಡುನೋವೆಂದು ಜಾರಿಕೊಂಡು, ರವಿವಾರ ಬೆಳಿಗ್ಗೆ ಅದೇ ನಡುವಿಗೆ ಕ್ಯಾಮೆರಾ ಚೀಲ ಕಟ್ಟಿಕೊಂಡು ಗುಡ್ಡದ ಹಳ್ಳಕ್ಕೆ ಹೋದೆ. ನೋಡಿದರೆ ಒಂದು ಕಲ್ಲೂ ಖಾಲಿ ಇಲ್ಲ! ಊರ ಕೌದಿಗಳೆಲ್ಲ ಬಂಡೆಗಳ ಮೇಲೆ ಕಾಲು ಚಾಚಿ ಮಲಗಿದ್ದವು. ತಲೆ ಕೆಟ್ಟಿತು. ನಿಸರ್ಗದ ಫೋಟೋ ಬೇಕು, ಸ್ವಲ್ಪ ತೆಗೆಯಿರಿ ಎಂದು ಅಲ್ಲಿ ಒಗೆಯುತ್ತಿದ್ದ ಹೆಂಗಸರನ್ನು ಕೇಳಿದೆ. “ಯಾಕ್ರಿ ಸರ್, ನಮ್ಮ ಕೌದಿ ನಿಮಗೇನು ಮಾಡ್ಯಾವ?” ಎಂದು ಒಬ್ಬ ಅಜ್ಜಿ ನಕ್ಕಳು. ಆದರೂ ಉಳಿದವರಿಗೆ, “ತೆಗೀರೆವ್ವಾ, ಪಾಪ, ಬಿಸಲಾಗ ನಿಂತಾರ” ಎಂದಳು. ಹತ್ತು ಹನ್ನೆರಡು ಹಸಿ ಕೌದಿಗಳನ್ನು ಆ ಹೆಂಗಸರು ಬದಿಗೆ ಎತ್ತಿ ಹಿಡಿದು ನಿಂತರು. ನಾನು ಆರಾಮವಾಗಿ ಫೋಟೋ ತೆಗೆದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹಸಿರು ಗಿಡ, ಕರಿ ಕಲ್ಲು, ಕಂದು ನೀರು. ನಮ್ಮ ಗಿಡಗಳು ಈ ತಿಂಗಳಲ್ಲಿ ಕೆಂಪಾಗುವುದಿಲ್ಲ ಎಂಬುದು, ಹುಟ್ಟಿದಾಗಿನಿಂದ ಇಲ್ಲೇ ಇರುವ ನನಗೆ ಆಗ ಹೊಳೆಯಿತು. “ಇದರಾಗ ಏನೈತ್ರಿ?” ಎಂದಳು ಮಹಾದೇವಿ. ಚಿತ್ರದ ಒಂದು ಮೂಲೆಯಲ್ಲಿ ಮಾತ್ರ, ಅಜ್ಜಿಯ ಕೈಯಿಂದ ಜಾರಿದ ಕೌದಿಯ ತುದಿ ಇಣುಕಿತ್ತು. ಕೆಂಪು, ಹಳದಿ, ಕೇಸರಿ! ಹುಡುಕಿಕೊಂಡು ಹೋದ ಬಣ್ಣವನ್ನೆಲ್ಲ ನಾನೇ ಎತ್ತಿಸಿ ಬದಿಗೆ ಸರಿಸಿದ್ದೆ. ಆ ಹೆಂಗಸರ ತೋಳುಗಳನ್ನು ನೆನೆದು ನಾಚಿಕೆಯೂ ಆಯಿತು.

ಚಿತ್ರ ಕೊಡಲು ಮರುದಿನವೇ ಕಡೆಯ ದಿನ. ರಜೆ ಹಾಕಿ ಓಡಿದರೆ ಹಳ್ಳ ಖಾಲಿ. ಎಲ್ಲರದೂ ತೊಳೆದು ಮುಗಿದಿತ್ತು. ತಿರುಗಿ ಬಂದು, “ನಮ್ಮ ಕೌದಿ ಎಲ್ಲಿ?” ಎಂದೆ. ಮಹಾದೇವಿ ನನ್ನ ಹಣೆ ಮುಟ್ಟಿ ನೋಡಿದಳು. ಸುಮ್ಮನೆ ಬಂಡೆಯ ಮೇಲೆ ಹಾಸಿ, ಫೋಟೋ ತೆಗೆದು ತರೋಣವೆಂದೆ. “ಹಳ್ಳದ ತನಕ ಒಯ್ದು ತೊಳೀದೆ ತರೂದೇನ್ರಿ? ಮಂದಿ ಏನಂದಾರು!” ಸರಿ, ಎಂಟು ಕೌದಿ ಆಟೋದಲ್ಲಿ ಹೇರಿದೆವು. ಜಾಗ ಸಾಲದೆಂದು ಕ್ಯಾಮೆರಾದ ಸ್ಟ್ಯಾಂಡನ್ನು ಅವಳು ಮನೆಯಲ್ಲೇ ಇಳಿಸಿದಳು. ತುಳಿದೆವು, ಬಡಿದೆವು, ಅವಳೊಂದು ತುದಿ ನಾನೊಂದು ತುದಿ ಹಿಡಿದು ಹಿಂಡಿದೆವು. ಬಂಡೆಗಳ ಮೇಲೆ ಹಾಸಿದಾಗ, ದೇವರಾಣೆ, ಹಳ್ಳ ಬೆಳಗಿತು! ಕ್ಯಾಮೆರಾ ಎತ್ತಿದೆ. ಹಿಂಡಿ ಹಿಂಡಿ ಸೋತ ಕೈ ಗಡಗಡ ನಡುಗುತ್ತಿತ್ತು.

ತೆಗೆದ ಮೂವತ್ತು ಚಿತ್ರಗಳೂ ಅಲುಗಿಹೋಗಿದ್ದವು. ಇದ್ದುದರಲ್ಲಿ ಒಂದನ್ನು ಕಳಿಸಿದೆ. ನಾಲ್ಕನೆಯ ವರ್ಷವೂ ವಾಪಸು ಬಂತು. “ಹೋಗ್ಲಿ ಬಿಡ್ರಿ, ಕೌದಿ ಛಲೋ ಆದ್ವು” ಎಂದು ಮಹಾದೇವಿ ಸಮಾಧಾನ ಹೇಳಿದಳು. ಮೊನ್ನೆ ಪಕ್ಕದ ಮನೆಯ ಕಸ್ತೂರಿಬಾಯಿ ಬಾಗಿಲಿಗೇ ಬಂದರು. “ಸರ್, ಮುಂದಿನ ವರ್ಷ ಫೋಟೋಕ್ಕ ಹೋದಾಗ ನಮ್ಮವೂ ನಾಕು ಕೌದಿ ಒಯ್ತೀರೇನ್ರಿ?” ಸಿಟ್ಟು ಬರಬೇಕಿತ್ತು. ಆದರೆ ಅವರ ಕೌದಿಗಳಲ್ಲಿ ಒಂದು ಅಚ್ಚ ಕೆಂಪು. ಒಯ್ಯುತ್ತೇನೆಂದು ಒಪ್ಪಿಕೊಂಡೆ.