ದೊಡ್ಡವ್ವನ ಬಾಗಕ್ಕೆ ಯಂತ್ರ ಬಂದದ್ದು

ಮಣ್ಣಿನಲ್ಲಿ ಬಂಗಾರ ಹೂತಿಟ್ಟರೆ ಬಂಗಾರ ಬೆಳೆಯುವುದಿಲ್ಲ, ಸಂಶಯ ಬೆಳೆಯುತ್ತದೆ. ಅದಕ್ಕೆ ನೀರು ಬೇಡ, ಗೊಬ್ಬರ ಬೇಡ. ನೋಡನೋಡುತ್ತಿದ್ದಂತೆ ಮನೆಯ ತುಂಬ ಹಬ್ಬಿಕೊಳ್ಳುತ್ತದೆ. ಇದನ್ನು ನಾನು ಯಾವ ಶಾಸ್ತ್ರ ಓದಿಯೂ ಹೇಳುತ್ತಿಲ್ಲ. ನಮ್ಮ ಮನೆತನದಲ್ಲಿ ಆದದ್ದನ್ನು ಹೇಳುತ್ತಿದ್ದೇನೆ.

ನಿಜಾಮಶಾಹಿಯ ಕೊನೆಯ ದಿನಗಳ ಗಲಾಟೆಯಲ್ಲಿ ನಮ್ಮವರು ಕಲ್ಯಾಣಿ ಬಿಟ್ಟು ಗಡಿಯಾಚೆ ಸೊಲ್ಲಾಪುರಕ್ಕೆ ಹೋಗಿದ್ದರು. ಈಗ ಬಸವಕಲ್ಯಾಣ ಎನ್ನುವ ಊರನ್ನು ನಾವು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಹೊರಡುವ ಗಡಿಬಿಡಿಯಲ್ಲಿ ದೊಡ್ಡವ್ವ, ಅಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ತನ್ನ ಬಂಗಾರವನ್ನೆಲ್ಲ ಒಂದು ಹಿತ್ತಾಳೆ ತಂಬಿಗೆಯಲ್ಲಿ ತುಂಬಿ ಕೋಟೆಯ ಹತ್ತಿರವಿದ್ದ ನಮ್ಮ ಹಳೆಯ ಮಾವಿನ ಬಾಗದಲ್ಲಿ, ಅಂದರೆ ತೋಟದಲ್ಲಿ, ಹೂತಿಟ್ಟಳು. ಮರಳಿ ಬಂದಾಗ ಗುರುತಿಗಿದ್ದ ಗೋಡೆಯೇ ಬಿದ್ದುಹೋಗಿತ್ತು. "ಎಲ್ಲಿಟ್ಟೆನೋ ನೆನಪಾಗವಲ್ದಪ್ಪಾ" ಎಂದು ದೊಡ್ಡವ್ವ ಕೈಚೆಲ್ಲಿದಳು.

ದೊಡ್ಡಪ್ಪ ತೀರಿಕೊಂಡ ಮೇಲೆ ಆ ಬಾಗಕ್ಕೆ ನಾನು ಮತ್ತು ನನ್ನ ಕಾಕಾನ ಮಗ ವೀರಣ್ಣ ಇಬ್ಬರೇ ವಾರಸುದಾರರು. ನಾನು ಹುಮನಾಬಾದಿನಲ್ಲಿ ಶಾಲಾಮಾಸ್ತರ. ಅವನು ಕಲ್ಯಾಣಿಯಲ್ಲೇ ಒಕ್ಕಲುತನ ಮಾಡಿಕೊಂಡಿದ್ದ; ಮಕ್ಕಳಿಲ್ಲದ ದೊಡ್ಡವ್ವ ಅವನ ಮನೆಯಲ್ಲೇ ಇದ್ದಳು. ಬಾಗವನ್ನು ಕೊಳ್ಳಲು ಊರಿನ ವ್ಯಾಪಾರಿಯೊಬ್ಬ ತಯಾರಿದ್ದ. ಮಾರಲು ನಾವೂ ತಯಾರಿದ್ದೆವು. ಆದರೆ ಬಂಗಾರ ಸಿಗದೆ ಮಾರುವುದು ಹೇಗೆ? ಊರಲ್ಲೇ ಇರುವ ವೀರಣ್ಣ ಅದನ್ನು ಎಂದೋ ಅಗೆದು ತೆಗೆದಿರಬೇಕೆಂದು ನನ್ನ ಸಂಶಯ. ರಜೆ ಸಿಕ್ಕಾಗಲೆಲ್ಲ ಕಲ್ಯಾಣಿಗೆ ಓಡಿ ಬರುವ ನಾನೇ ತೆಗೆದಿರಬೇಕೆಂದು ಅವನ ಸಂಶಯ. ಹೋದಾಗಲೆಲ್ಲ ಅವನು ನನಗೆ ಚಹಾ ಕೊಡುತ್ತಿದ್ದ. ನಾನು ಅವನ ಹೆಂಡತಿಯ ಕೊರಳು ನೋಡುತ್ತ ಕುಡಿಯುತ್ತಿದ್ದೆ.

ಹೀಗಿರುವಾಗ ಹುಮನಾಬಾದಿನಲ್ಲಿ ನಮ್ಮ ಶಾಲೆಯ ಎದುರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಉಸ್ಮಾನ್ ಸಾಹೇಬರು, ನಮ್ಮ ತಂಬಿಗೆಯ ಕಥೆ ಬಲ್ಲವರು, ಪುಣೆಯ ಗುಜರಿಯಿಂದ ಒಂದು ಯಂತ್ರ ತಂದರು. ಯುದ್ಧಕಾಲದಲ್ಲಿ ಪಲ್ಟನ್ನಿನವರು ನೆಲಬಾಂಬು ಹುಡುಕುತ್ತಿದ್ದ ಯಂತ್ರವಂತೆ. ಉದ್ದನೆಯ ಕೋಲು, ಅದರ ತುದಿಗೆ ಒಂದು ತಟ್ಟೆ, ಬೆನ್ನಿಗೆ ಬ್ಯಾಟರಿಯ ಚೀಲ. ನೆಲದೊಳಗೆ ಲೋಹವಿದ್ದರೆ ಕಿವಿಗೆ ಹಚ್ಚಿಕೊಂಡ ಬಿಲ್ಲೆಗಳಲ್ಲಿ ಕುಂಯ್ ಎನ್ನುತ್ತದೆ. "ನಡೀರಿ ಮಾಸ್ತರ್ ಸಾಬ್, ನಿಮ್ಮ ಬಾಗದಾಗ ಒಂದ್ಸಲ ನೋಡಮು. ನನಗೇನೂ ಬ್ಯಾಡ್ರಿ, ಮಷೀನ್ ಹ್ಯಾಂಗ ನಡೀತದ ನೋಡೂದದ" ಎಂದರು. ಏನೂ ಬೇಡ ಎನ್ನುವವರ ಮೇಲೆಯೇ ನನಗೆ ಹೆಚ್ಚು ಸಂಶಯ. ಆದರೂ ಒಪ್ಪಿದೆ. ಹೊರಡುವಾಗ ನನ್ನ ಹೆಂಡತಿ ಒಂದು ಸಣ್ಣ ಖುರ್ಪಿಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಕೋಟು ಎಳೆದು, "ಎಲ್ಲರೂ ಊಟಕ್ಕ ಕುಂತಾಗ ನೀವು ಒಂದೀಟು ಕೆದರಿ ನೋಡ್ರಿ" ಎಂದಳು.

ನಾವು ಬಾಗಕ್ಕೆ ಹೋಗಿ ಮುಟ್ಟುವ ಮೊದಲೇ ಅಲ್ಲಿ ಅರ್ಧ ಓಣಿ ಸೇರಿತ್ತು. ದೊಡ್ಡವ್ವ ಮಾವಿನ ಮರದ ಬುಡದಲ್ಲಿ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಉಸ್ಮಾನ್ ಸಾಹೇಬರು ನೆಲಕ್ಕೆ ಇಸ್ತ್ರಿ ಮಾಡುವಂತೆ ತಟ್ಟೆ ಆಡಿಸುತ್ತ ಹೊರಟರು. ಒಂದು ಕಡೆ ನಿಂತು "ಇಲ್ಲಿ ಅಗೀರಿ" ಎಂದರು. ಅಗೆದರೆ ಕುದುರೆ ಲಾಳ. ಇನ್ನೊಂದು ಕಡೆ ಅಗೆದರೆ ಬಾವಿಯ ರಾಟೆಯ ಮುರುಕು. ಆಮೇಲೆ ಸಿಕ್ಕ ಕಬ್ಬಿಣದ ಗುಂಡೊಂದನ್ನು ಕೋಟೆಯ ತೋಪಿನದೆಂದು ಕೆಲವರು, ತಕ್ಕಡಿಯ ತೂಕದ್ದೆಂದು ಕೆಲವರು ವಾದಿಸಿದರು.

ಅಷ್ಟರಲ್ಲಿ ವೀರಣ್ಣ ನನ್ನ ಕಿವಿಯಲ್ಲಿ, "ಅಣ್ಣಾ, ಸಪ್ಪಳ ಕೇಳೂದು ಸಾಹೇಬರಿಗೆ ಒಬ್ಬರಿಗೇ. ಬಂಗಾರದ ಸಪ್ಪಳ ಬಂದ್ರ ಅವರು ಹೇಳ್ತಾರಂತ ಏನು ಖಾತ್ರಿ?" ಎಂದ. ನನ್ನ ಮನಸ್ಸಿನಲ್ಲಿದ್ದುದೂ ಅದೇ. ನಾವೂ ಒಂದು ಸಲ ಕೇಳುತ್ತೇವೆ ಎಂದಾಗ ಸಾಹೇಬರು ನಕ್ಕು ಬಿಲ್ಲೆಗಳನ್ನು ಬಿಚ್ಚಿಕೊಟ್ಟರು. ನಾನೊಬ್ಬನೇ ಹಚ್ಚಿಕೊಳ್ಳಲು ವೀರಣ್ಣ ಬಿಡಲಿಲ್ಲ, ಅವನೊಬ್ಬನೇ ಹಚ್ಚಿಕೊಳ್ಳಲು ನಾನು ಬಿಡಲಿಲ್ಲ. ಕೊನೆಗೆ ಒಂದು ಬಿಲ್ಲೆ ನನ್ನ ಕಿವಿಗೆ, ಇನ್ನೊಂದು ಅವನ ಕಿವಿಗೆ ಹಿಡಿದು, ತಲೆಗೆ ತಲೆ ಹಚ್ಚಿ, ಸಾಹೇಬರ ಹಿಂದೆ ಜೋಡೆತ್ತಿನಂತೆ ನಡೆದೆವು. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಸಾಹೇಬರು ಒಮ್ಮೆ ಗರಕ್ಕನೆ ತಿರುಗಿದಾಗ ತಟ್ಟೆ ನನ್ನ ಹೊಟ್ಟೆಯ ಮುಂದೆ ಹಾಯ್ದು ಕುಂಯ್ ಎಂದಿತು.

"ಅಣ್ಣಾ, ಸೊಂಟದಾಗ ಏನದ?"

"ಏನಿಲ್ಲೋ, ಕೋಟಿನ ಗುಂಡಿ ಇರಬೇಕು."

ವೀರಣ್ಣ ಕೋಟು ಸರಿಸಿ ಖುರ್ಪಿ ಹೊರಗೆಳೆದ. "ಕಳೆ ಕೀಳಾಕ ತಂದೀಯೇನು?" ಎಂದ. ನೆರೆದವರೆಲ್ಲ ಗೊಳ್ಳೆಂದರು. ನಾಚಿಕೆಯಿಂದ ನಾನು ಮರದ ನೆರಳಿಗೆ ಸರಿದೆ. ಬಿಲ್ಲೆಯ ತಂತಿ ಎಳೆದದ್ದರಿಂದ ವೀರಣ್ಣನೂ ಸರಿದ, ಸಾಹೇಬರೂ ಸರಿದರು. ತಟ್ಟೆ ದೊಡ್ಡವ್ವನ ಮಡಿಲ ಹತ್ತಿರ ಬಂದದ್ದೇ ತಡ, ನಮ್ಮ ಕಿವಿಗಳಲ್ಲಿ ಚೀರಾಟವೆದ್ದಿತು.

"ಅಡಕೊತ್ತು ಅದನೋ" ಎಂದು ದೊಡ್ಡವ್ವ ಅಡಿಕೆ ಕತ್ತರಿಸುವ ಅಡಕೊತ್ತನ್ನು ಸಂಚಿಯಿಂದ ತೆಗೆದು ದೂರ ಎಸೆದಳು. ಚೀರಾಟ ನಿಲ್ಲಲಿಲ್ಲ. ನಾನು ವೀರಣ್ಣನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಸೊಲ್ಲಾಪುರದಿಂದ ಮರಳಿದ ಮೇಲೆ ನಾವು ಒಬ್ಬರನ್ನೊಬ್ಬರು ನೆಟ್ಟಗೆ ನೋಡಿದ್ದು ಅದೇ ಮೊದಲು.

"ದೊಡ್ಡವ್ವಾ, ಬಂಗಾರ ನಿನ್ನ ಹಂತೇಕೇ ಅದ?" ಎಂದೆ.

ಅವಳೇನೂ ಅಂಜಲಿಲ್ಲ. ಎಲೆ ಉಗುಳಿ, "ಹೌದು, ಅದ. ಸೊಲ್ಲಾಪುರದಿಂದ ಬಂದ ಮರುದಿನಾನೇ ತಗದೀನಿ. ಈ ಮರಗಳು ನಿಮ್ಮ ದೊಡ್ಡಪ್ಪ ಹಚ್ಚಿದ್ದು. ಬಂಗಾರ ಸಿಗೂತನಕ ನೀವಿಬ್ರೂ ಬಾಗ ಮಾರಂಗಿಲ್ಲ ಅಂತ ನನಗ ಗೊತ್ತಿತ್ತು. ಅದಕ್ಕ ಮರೆತೀನಿ ಅಂದೆ" ಎಂದಳು. ವೀರಣ್ಣ ಹೋಗಿ ಅಡಕೊತ್ತು ಆರಿಸಿ ತಂದು ಅವಳ ಕೈಗಿಟ್ಟ. "ನೀನಿರೂತನಕ ಬಾಗ ಮಾರಂಗಿಲ್ಲ, ಆತಿಲ್ಲೋ?" ಎಂದ. ನಾನೂ ಹೂಂ ಎಂದೆ. ಆಗ ದೊಡ್ಡವ್ವ ಸಂಚಿ ಬಿಚ್ಚಿ ನಮ್ಮ ಹೆಂಡಂದಿರಿಗೆಂದು ಒಂದೊಂದು ಪಾಟ್ಲಿ ಬಳೆ ಕೊಟ್ಟು, ಮಿಕ್ಕದ್ದನ್ನು ಮತ್ತೆ ಬಿಗಿದು ಕಟ್ಟಿಕೊಂಡಳು.

ಮನಸ್ಸು ಹಗುರಾಯಿತು, ಸಂಶಯವೆಲ್ಲ ತೊಳೆದುಹೋಯಿತು ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಪಾಟ್ಲಿಯನ್ನು ಧೋತರದ ಗಂಟಿನಲ್ಲಿ ಕಟ್ಟಿಕೊಂಡು ಸಂಜೆಯ ಬಸ್ಸು ಹತ್ತಿದಾಗ, ಬಸ್ಸಿನಲ್ಲಿದ್ದವರೆಲ್ಲ ನನ್ನ ಸೊಂಟವನ್ನೇ ನೋಡುತ್ತಿರುವಂತೆ ಕಂಡಿತು. ಉಸ್ಮಾನ್ ಸಾಹೇಬರು ಪಕ್ಕದಲ್ಲಿ ಕೂತು, ಯಂತ್ರವನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿ, ಬಿಲ್ಲೆಗಳನ್ನು ಕೊರಳಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಮೆಲ್ಲಗೆ, "ಸಾಹೇಬ್ರ, ಬ್ಯಾಟರಿ ಬಂದ್ ಮಾಡೀರಿಲ್ರಿ?" ಎಂದೆ.

"ಹೌದ್ರಿ ಮಾಸ್ತರ್ ಸಾಬ್, ಆರಾಮ ಕೂಡ್ರಿ" ಎಂದರು ಕಣ್ಣು ತೆರೆಯದೆ.

ಅವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ಎದ್ದು, ಹುಮನಾಬಾದು ಬರುವವರೆಗೆ ಬಾಗಿಲ ಹತ್ತಿರ ನಿಂತುಕೊಂಡೇ ಬಂದೆ.